ಡೈರಿ ಜಗಲಿಯ ಮಾತಿನ ಪೆಟ್ಟಿಗೆ

ನಿಮ್ಮ ತಾತನ ಹೆಸರನ್ನು ನಾನು ಬಾಯಿ ಬಿಟ್ಟು ಹೇಳಿದ್ದು ಒಂದೇ ಒಂದು ದಿನ. ಅದೂ ಅವರಿಗಲ್ಲ, ನಮ್ಮೂರ ಡೈರಿಯ ಜಗಲಿಯ ಮೇಲೆ ಗೋಡೆಗೆ ನೇತುಹಾಕಿದ್ದ ಒಂದು ಮರದ ಪೆಟ್ಟಿಗೆಗೆ. ಅವರು ತೀರಿಕೊಂಡು ಆಗ ವರ್ಷ ತುಂಬಿತ್ತು.

ನೀವೀಗ ಫೋನನ್ನು ಮೂಗಿನ ಮುಂದೆ ಹಿಡಿದುಕೊಂಡು ಅದರ ಜೊತೆಗೇ ಮಾತಾಡುತ್ತೀರಿ. ನಾಳೆ ಮಳೆ ಬರುತ್ತದಾ ಎಂದು ಕೇಳುತ್ತೀರಿ. ಅದು ಉತ್ತರ ಕೊಟ್ಟರೆ ನಿಮಗೇನೂ ಅನ್ನಿಸುವುದಿಲ್ಲ. ಮೊನ್ನೆ ಅದು ಏನೋ ತಪ್ಪು ಹೇಳಿತೆಂದು ನಿಮ್ಮಲ್ಲಿ ಚಿಕ್ಕವಳು ಅದನ್ನು ದಡ್ಡಿ ಎಂದು ಬೈದಳು. ನನಗೆ ನಗು ಬಂತು, ಎದೆಯಲ್ಲಿ ಸಣ್ಣಗೆ ಭಯವೂ ಆಯಿತು. ನಾನು ಇಂಥದ್ದೊಂದರ ಎದುರು ಮೊದಲ ಸಲ ನಿಂತಾಗ ದೇವರ ಗುಡಿಯಲ್ಲಿ ನಿಂತ ಹಾಗೆ ನಿಂತಿದ್ದೆ. ಆ ಕತೆಯನ್ನು ಬಾಯಲ್ಲಿ ಹೇಳುವುದಕ್ಕೆ ನನಗೆ ನಾಚಿಕೆ. ಊರ ಸ್ಕೂಲಿನಲ್ಲಿ ಏಳನೇ ಕ್ಲಾಸಿನವರೆಗೆ ಕಲಿತ ಅಕ್ಷರ ಇನ್ನೂ ಕೈಯಲ್ಲಿದೆ. ಬರೆದಿಡುತ್ತೇನೆ, ನೀವೇ ಓದಿಕೊಳ್ಳಿ.

ಮೊದಲು ಒಂದು ವಿಷಯ ನಿಮಗೆ ಗೊತ್ತಿರಬೇಕು. ನಮ್ಮ ಕಡೆ ಹೆಂಗಸರು ಗಂಡನ ಹೆಸರು ಹೇಳುತ್ತಿರಲಿಲ್ಲ. ಮಾವನ ಹೆಸರನ್ನೂ ಹೇಳುತ್ತಿರಲಿಲ್ಲ, ಭಾವನ ಹೆಸರನ್ನೂ ಹೇಳುತ್ತಿರಲಿಲ್ಲ. ಹೇಳಿದರೆ ಅವರ ಆಯಸ್ಸು ಕಡಿಮೆಯಾಗುತ್ತದೆ ಎನ್ನುತ್ತಿದ್ದರು. ನಾನು ಅದನ್ನು ನಂಬಿದ್ದೆನೋ ಇಲ್ಲವೋ ಈಗ ಹೇಳಲಾರೆ. ನಂಬಿಕೆಗಿಂತ ಹೆಚ್ಚಾಗಿ ಅದು ನಾಲಗೆಯ ಅಭ್ಯಾಸವಾಗಿತ್ತು. ಅದರ ಮೇಲೆ ನಮ್ಮೂರಿನಲ್ಲಿ ಮನೆಗೊಬ್ಬ ಗಂಡಸಿಗೆ ಬೆಟ್ಟದ ಸ್ವಾಮಿಯ ಹೆಸರು. ನಿಮ್ಮ ತಾತನದೂ ಅದೇ. ಹಾಗಾಗಿ ಸೊಸೆಯಾಗಿ ಬಂದ ಹೆಣ್ಣುಮಕ್ಕಳು ದೇವರ ಹೆಸರನ್ನೂ ಎತ್ತುವಂತಿರಲಿಲ್ಲ. ದೀಪ ಹಚ್ಚಿ, "ಬೆಟ್ಟದಪ್ಪಾ, ಕಾಪಾಡಪ್ಪಾ" ಎಂದು ಕೈ ಮುಗಿಯುತ್ತಿದ್ದೆವು. ರೇಷನ್ ಅಂಗಡಿಯಲ್ಲಿ ಯಜಮಾನರ ಹೆಸರು ಕೇಳಿದರೆ ಪಕ್ಕದಲ್ಲಿ ನಿಂತವಳ ಮುಖ ನೋಡುವುದು, ಅವಳು ಹೇಳುವುದು. ಅವಳ ಸರದಿ ಬಂದಾಗ ನಾವು ಹೇಳುವುದು. ಇದು ತೊಂದರೆ ಎಂದು ನಮಗೆ ಯಾವತ್ತೂ ಅನ್ನಿಸಿರಲಿಲ್ಲ.

ಅಂಥ ಊರಿಗೆ ಆ ಹುಡುಗಿ ಬಂದಳು. ಬೆಂಗಳೂರಿನ ಕಾಲೇಜೊಂದರಲ್ಲಿ ಓದುತ್ತಿದ್ದಳು. ಕತ್ತಿನವರೆಗೆ ಕತ್ತರಿಸಿದ ಕೂದಲು, ಹೆಗಲಿಗೆ ಚೀಲ. ಮಾಗಡಿಯಿಂದ ಬಸ್ಸು ಹಿಡಿದು, ಕಲ್ಯ ದಾಟಿ, ನಮ್ಮೂರ ಗೇಟಿನಲ್ಲಿ ಇಳಿದು ನಡೆದು ಬರುತ್ತಿದ್ದಳು. ಬೆಳಗಿನ ಹಾಲು ಹಾಕುವ ಹೊತ್ತಿಗೆ ಡೈರಿ ಜಗಲಿಯ ಮೂಲೆಯಲ್ಲಿ ಕೂತು ಸುಮ್ಮನೆ ನಮ್ಮನ್ನು ನೋಡುವುದು ಅವಳ ಕೆಲಸ. ನಾವು ಕ್ಯಾನು ಯಾವ ಕೈಯಲ್ಲಿ ಹಿಡಿದಿರುತ್ತೇವೆ, ಸೆರಗನ್ನು ಯಾವಾಗ ಸರಿಮಾಡಿಕೊಳ್ಳುತ್ತೇವೆ, ಯಾರು ಯಾರ ಹಿಂದೆ ನಿಲ್ಲುತ್ತೇವೆ, ಎಲ್ಲವನ್ನೂ ನೋಡುತ್ತಿದ್ದಳು. ಎಲ್ಲರೂ ಕೆಳಗಲ ಮನೆಯವಳು ಎನ್ನುತ್ತಿದ್ದ ನನ್ನ ಪಕ್ಕದ ಮನೆಯ ಅಕ್ಕ ತಡೆಯಲಾರದೆ ಒಂದು ದಿನ ಕೇಳಿಯೇ ಬಿಟ್ಟಳು.

"ಏನ್ ಓದ್ತಿದ್ದೀಯವ್ವಾ ನೀನು?"

"ಜನ ಮಷೀನ್ ಜೊತೆ ಹೇಗೆ ನಡ್ಕೋತಾರೆ ಅಂತ ನೋಡಿ, ಅದಕ್ಕೆ ತಕ್ಕ ಹಾಗೆ ಮಷೀನ್ ಮಾಡೋದು ಅಮ್ಮ."

"ಅದ್ಕೂ ಕಾಲೇಜೈತಾ? ನಮ್ಮತ್ತೆ ಜೊತೆ ಹೆಂಗ್ ನಡ್ಕೋಬೇಕು ಅಂತ ಒಂದ್ ಕಾಲೇಜಿದ್ದಿದ್ರೆ ನಾನೂ ಓದಿರ್ತಿದ್ದೆ ಕಣವ್ವಾ!"

ಸಾಲಿನಲ್ಲಿದ್ದವರೆಲ್ಲ ನಕ್ಕರು. ಆ ಹುಡುಗಿ ಎಲ್ಲರಿಗಿಂತ ಜೋರಾಗಿ ನಕ್ಕಳು. ಅವತ್ತಿನಿಂದ ಅವಳು ನಮ್ಮವಳಾದಳು. ನಾನು ಮಾತ್ರ ಅವಳ ಜೊತೆ ಮಾತಾಡಲಿಲ್ಲ. ಅಪರಿಚಿತರೆಂದರೆ ನನಗೆ ಸಂಕೋಚ. ಮನೆಗೆ ಬಂದರೆ ಬಾಗಿಲ ಹಿಂದೆ ನಿಂತು ಕಾಫಿ ಲೋಟ ಮುಂದಿಡುತ್ತಿದ್ದೆ, ಅಷ್ಟೆ.

ಅವಳ ಯೋಚನೆ ಏನೆಂದು ಡೈರಿ ಸೆಕ್ರೆಟರಿ ಎಲ್ಲರಿಗೂ ಹೇಳಿದ್ದರು. ಡೈರಿಯ ಫೋನಿನ ತಂತಿಗೆ ಒಂದು ಪೆಟ್ಟಿಗೆ ಸೇರಿಸುತ್ತಾರೆ. ಅದರ ರಿಸೀವರು ಎತ್ತಿ ಮಾತಾಡಿದರೆ ಸಾಕು, ನಂಬರು ಒತ್ತಬೇಕಿಲ್ಲ, ಓದು ಬರಹ ಬೇಕಿಲ್ಲ. ಅದು ಕನ್ನಡದಲ್ಲಿ ಕೇಳುತ್ತದೆ, ನಾವು ಕನ್ನಡದಲ್ಲಿ ಹೇಳುವುದು. ರಾಮನಗರದ ಮಾರುಕಟ್ಟೆಯ ರೇಷ್ಮೆಗೂಡಿನ ಧಾರಣೆ ತಿಳಿಸುತ್ತದೆ. ದನಕ್ಕೆ ಕಾಯಿಲೆಯಾದರೆ ತಿಪ್ಪಸಂದ್ರದ ದನದ ಡಾಕ್ಟರಿಗೆ ಸುದ್ದಿ ಮುಟ್ಟಿಸುತ್ತದೆ. ಹೀಗೂ ಉಂಟೇ ಎಂದು ನಾನು ಒಲೆಯ ಮುಂದೆ ಕೂತು ಎಷ್ಟೋ ಹೊತ್ತು ಯೋಚಿಸಿದ್ದೆ. ನಮ್ಮ ಮಾತು ಒಂದು ತಂತಿಯೊಳಗೆ ಹೋಗಿ, ಅಲ್ಲಿ ಯಾರೂ ಇಲ್ಲದೆಯೂ ಅರ್ಥವಾಗುತ್ತದೆ ಎಂದರೆ ಅರ್ಥ ಎನ್ನುವುದು ಎಲ್ಲಿರುತ್ತದೆ?

ಮೊದಲು ತಂದದ್ದು ಬೂದು ಬಣ್ಣದ ಕಬ್ಬಿಣದ ಪೆಟ್ಟಿಗೆ. ಯಾರೂ ಹತ್ತಿರ ಸುಳಿಯಲಿಲ್ಲ. ಕರೆಂಟು ಹೊಡೆಯುತ್ತದೆ ಎಂದು ಹೆದರಿದರು. ಹುಡುಗಿ ಅದನ್ನು ವಾಪಸು ತೆಗೆದುಕೊಂಡು ಹೋಗಿ, ಕೆಲವು ವಾರದ ಮೇಲೆ ಇನ್ನೊಂದನ್ನು ತಂದಳು. ಚನ್ನಪಟ್ಟಣದ ಬೊಂಬೆ ಮಾಡುವವರ ಹತ್ತಿರ ಹೋಗಿ ಮಾಡಿಸಿದ್ದು. ಬೊಂಬೆ ಕಡೆಯುವ ಆಲೆಮರದ ಪೆಟ್ಟಿಗೆ, ಅರಗಿನ ಹಳದಿ ಬಣ್ಣ, ಮುಂದೆ ಕೆಂಪಗೆ ಒಂದು ದಪ್ಪ ಗುಂಡಿ, ಮಗುವಿನ ಗಿಲಕಿಯ ಹಾಗೆ ನುಣ್ಣಗೆ. ನಮ್ಮ ಕೈ ಹಾಲಿನಲ್ಲೋ ಸಗಣಿಯಲ್ಲೋ ಇರುತ್ತದೆ ಎಂದು ನೋಡಿದ್ದಳಲ್ಲ, ಆ ಗುಂಡಿಯನ್ನು ಮೊಣಕೈಯಿಂದಲೇ ಒತ್ತುವ ಹಾಗೆ ಮಾಡಿಸಿದ್ದಳು. ಪೇಟೆಯ ಹುಡುಗಿಯೊಬ್ಬಳು ನನ್ನ ಮೊಣಕೈಯನ್ನು ನೆನೆದುಕೊಂಡು ಒಂದು ವಸ್ತು ಮಾಡಿಸಿದ್ದಾಳೆ! ನಮಗೆ ಬಂದ ವಸ್ತುಗಳಿಗೆಲ್ಲ ಅದುವರೆಗೆ ನಾವೇ ಹೊಂದಿಕೊಂಡು ಬಂದಿದ್ದೆವು.

ಪರೀಕ್ಷೆ ಮಾಡಿದ ದಿನ ಜಗಲಿಯ ತುಂಬ ಜನ. ಮೊದಲು ಗಂಡಸರು ಎತ್ತಿದರು. ಎಲ್ಲರಿಗೂ ಕೇಳಲಿ ಎಂದು ಹುಡುಗಿ ಒಂದು ಸಣ್ಣ ಸ್ಪೀಕರನ್ನೂ ಜೋಡಿಸಿದ್ದಳು. ಪೆಟ್ಟಿಗೆಯಿಂದ ಒಂದು ಹೆಣ್ಣುದನಿ ಬಂತು. "ನಮಸ್ಕಾರ. ನಿಮ್ಮ ಮನೆಯ ಯಜಮಾನರ ಹೆಸರು ಹೇಳಿ."

ಡೈರಿಯ ಸದಸ್ಯತ್ವವೆಲ್ಲ ಯಜಮಾನರ ಹೆಸರಿನಲ್ಲೇ ಇದ್ದದ್ದರಿಂದ ಹಾಗೆ ಕೇಳಿಸಿದ್ದಳು. ನಿಮ್ಮ ತಾತ ಹೋದ ಮೇಲೂ ನಮ್ಮ ಮನೆಯದು ಅವರ ಹೆಸರಿನಲ್ಲೇ ಉಳಿದಿತ್ತು. ಗಂಡಸರು ಎದೆಯುಬ್ಬಿಸಿ ಹೇಳಿದರು. ಯಾವ ಬೀದಿ ಎಂದು ಕೇಳಿತು, ಅದನ್ನೂ ಹೇಳಿದರು. ಆಮೇಲೆ ಡಾಕ್ಟರು ಬೇಕಿದ್ದರೆ ಒಂದು ಎನ್ನಿ, ಗೂಡಿನ ಧಾರಣೆ ಬೇಕಿದ್ದರೆ ಎರಡು ಎನ್ನಿ ಎಂದಿತು.

"ಲೇ, ರಾಮನಗರದ್ ರೇಟು ಹೇಳ್ತದೆ ಕಣ್ಲಾ!"

"ಹಂಗಾರೆ ನಿನ್ ಹೆಂಡ್ರು ಇವತ್ತೇನ್ ಸಾರ್ ಮಾಡವ್ಳೆ ಕೇಳ್ಲಾ ಒಸಿ!"

ನಂತರ ಹೆಂಗಸರ ಸರದಿ. ಕೆಳಗಲ ಮನೆ ಅಕ್ಕ ಸೆರಗು ಸಿಕ್ಕಿಸಿಕೊಂಡು ಮುಂದೆ ಹೋದಳು. ಯಜಮಾನರ ಹೆಸರು ಹೇಳಿ ಎಂದಿತು ಪೆಟ್ಟಿಗೆ.

"ನಮ್ಮನೆಯವ್ರು," ಎಂದಳು ಅಕ್ಕ.

"ಆ ಹೆಸರು ಸಿಗಲಿಲ್ಲ. ಮತ್ತೊಮ್ಮೆ ಹೇಳಿ."

"ಅವ್ರೇ ಕಣವ್ವಾ. ದಪ್ಪ ಮೀಸೆ. ನಿನ್ನೆ ತಾನೆ ಇಲ್ಲೇ ನಿಂತಿದ್ರಲ್ಲ!"

"ಆ ಹೆಸರು ಸಿಗಲಿಲ್ಲ. ಮತ್ತೊಮ್ಮೆ ಹೇಳಿ."

"ಇವ್ಳು ನಮ್ಮೂರವಳಲ್ಲ ಬಿಡು," ಎಂದು ಅಕ್ಕ ರಿಸೀವರು ಇಟ್ಟುಬಿಟ್ಟಳು. ಜಗಲಿ ಬಿದ್ದು ಹೋಗುವಷ್ಟು ನಗು. ಮುಂದಿನವಳು ಬಾಯಿಗೆ ಸೆರಗು ಅಡ್ಡ ಹಿಡಿದು ನಿಂತಳು, ಏನೂ ಹೇಳಲಿಲ್ಲ. ಅವಳ ಹಿಂದಿನವಳೂ ಅಷ್ಟೆ. ಹುಡುಗಿ, "ಜೋರಾಗಿ ಹೇಳಿ ಅಮ್ಮ, ಅದಕ್ಕೆ ಕೇಳಿಸ್ತಿಲ್ಲ ಅನ್ಸುತ್ತೆ," ಎಂದು ತಂತಿಗಳನ್ನೆಲ್ಲ ಅಲ್ಲಾಡಿಸಿ ನೋಡಿದಳು. ಯಾರೋ ನನ್ನನ್ನೂ ತಳ್ಳಿದರು. ನಾನು ರಿಸೀವರನ್ನು ಕಿವಿಗಿಟ್ಟುಕೊಂಡೆ. ಆ ದನಿ ಕೇಳಿತು, ಕೇಳಿ ಸುಮ್ಮನಾಯಿತು. ಸಿಡುಕಲಿಲ್ಲ, ಅವಸರ ಮಾಡಲಿಲ್ಲ. ಯಾರೂ ಅಷ್ಟು ತಾಳ್ಮೆಯಿಂದ ನನ್ನ ಮಾತಿಗೆ ಕಾದಿದ್ದು ನನಗೆ ನೆನಪಿಲ್ಲ. ಆದರೂ ಬಾಯಿ ಬರಲಿಲ್ಲ. ಮೆಲ್ಲಗೆ ಕೆಳಗಿಟ್ಟೆ.

ಕಾರಣವನ್ನು ಯಾರೂ ಆ ಹುಡುಗಿಗೆ ಹೇಳಲಿಲ್ಲ. ಹೇಳಬಾರದ್ದನ್ನು ಯಾಕೆ ಹೇಳಬಾರದು ಎಂದು ಬಿಡಿಸಿ ಹೇಳುವುದಕ್ಕೂ ನಮಗೆ ನಾಚಿಕೆಯೇ. ಗಂಡಸರಿಗೆ ಅದು ಹೊಳೆಯಲೇ ಇಲ್ಲ. ಹಾಗಾಗಿ ಪೆಟ್ಟಿಗೆ ಗಂಡಸರದ್ದಾಯಿತು. ಸಂಜೆ ಬಂದು ಗೂಡಿನ ಧಾರಣೆ ಕೇಳುತ್ತಿದ್ದರು, ಡಾಕ್ಟರಿಗೂ ಹೇಳಿಕಳಿಸುತ್ತಿದ್ದರು. ಹಗಲಿಡೀ ಅದು ಸುಮ್ಮನೆ ನೇತಾಡುತ್ತಿತ್ತು. ಹಗಲು ಊರಿನಲ್ಲಿ ಇರುತ್ತಿದ್ದವರು ನಾವು ಮತ್ತು ದನಗಳು. ಆಗಷ್ಟೇ ಬಿಡದಿಯ ಕಡೆ ಕಾರ್ಖಾನೆಗಳು ಏಳುತ್ತಿದ್ದವು. ಬೆಳಗಾಗುತ್ತಲೇ ವ್ಯಾನು ಬಂದು ಹುಡುಗರನ್ನು ತುಂಬಿಕೊಂಡು ಹೋಗುತ್ತಿತ್ತು. ನಿಮ್ಮಪ್ಪನೂ ಅದರಲ್ಲೇ ಹೋಗುತ್ತಿದ್ದ. ಅವನ ಹತ್ತಿರ ಒಂದು ಮೊಬೈಲು ಇತ್ತು. ಕಾರ್ಖಾನೆಯ ಗೇಟಿನಲ್ಲಿ ಅದನ್ನು ತೆಗೆದಿಟ್ಟುಕೊಳ್ಳುತ್ತಿದ್ದರಂತೆ.

ಅದೇ ದಿನಗಳಲ್ಲಿ ನಮ್ಮ ಮನೆಯಲ್ಲಿ ಎರಡು ಚೊಚ್ಚಲು. ನಿಮ್ಮಮ್ಮ ಮೊದಲ ಹೆರಿಗೆಗೆ ಕನಕಪುರದ ತವರಿಗೆ ಹೋಗಿದ್ದಳು. ಕೊಟ್ಟಿಗೆಯಲ್ಲಿ ಸೀಮೆ ಹಸುವೊಂದು ಮೊದಲ ಕರುವಿಗೆ ತುಂಬಿಕೊಂಡಿತ್ತು. ನಿಮ್ಮ ತಾತ ಅದನ್ನು ಪುಟ್ಟ ಕರುವಾಗಿದ್ದಾಗ ಹೆಗಲ ಮೇಲೆ ಹೊತ್ತು ತಂದಿದ್ದರು. ಕಾಯಿಲೆ ಬಿದ್ದ ಮೇಲೂ ಗೋಡೆ ಹಿಡಿದುಕೊಂಡು ಕೊಟ್ಟಿಗೆಗೆ ಹೋಗಿ ಅದರ ಕೊರಳು ತುರಿಸಿ ಬರುತ್ತಿದ್ದರು. ಅವರು ಬಿಟ್ಟುಹೋದ ಜೀವ ಅದು. ಅದು ಸುಸೂತ್ರವಾಗಿ ಈಯಲಿ, ಆಗ ಸೊಸೆಯದೂ ಸುಸೂತ್ರವಾಗುತ್ತದೆ ಎಂದು ನಾನು ಮನಸ್ಸಿನಲ್ಲೇ ಒಂದಕ್ಕೊಂದು ಗಂಟು ಹಾಕಿಕೊಂಡುಬಿಟ್ಟಿದ್ದೆ. ಹಾಗೆ ಹಾಕಿಕೊಳ್ಳಬಾರದು ಎಂದು ಈಗ ಗೊತ್ತು. ಆಗ ಭಯ ನನ್ನಿಂದ ಗಂಟು ಹಾಕಿಸಿತ್ತು.

ಒಂದು ದಿನ ಮಾಗಡಿಯ ಆಚೆಗಿನ ಊರಲ್ಲಿ ನಂಟರೊಬ್ಬರ ತಿಥಿ. ಊರಿನ ಹಿರಿಯ ಗಂಡಸರೆಲ್ಲ ಬೆಳಿಗ್ಗೆಯೇ ಬಸ್ಸಿಗೆ ಹೋದರು, ಡೈರಿ ಸೆಕ್ರೆಟರಿಯೂ ಹೋದರು. ಹುಡುಗರು ವ್ಯಾನಿನಲ್ಲಿ, ಮಕ್ಕಳು ಕಲ್ಯದ ಸ್ಕೂಲಿನಲ್ಲಿ. ಬಿಸಿಲೇರುವ ಹೊತ್ತಿಗೆ ಹಸುವಿಗೆ ನೋವು ಶುರುವಾಯಿತು. ನೀರು ಒಡೆಯಿತು. ಒಂದು ಕಾಲು ಕಾಣಿಸಿಕೊಂಡಿತು. ಕರುವಿನ ಎರಡು ಮುಂಗಾಲು ಒಟ್ಟಿಗೆ ಬರಬೇಕು, ಅದರ ಮೇಲೆ ಮೂತಿ ಬರಬೇಕು. ಇಲ್ಲಿ ಒಂದೇ ಕಾಲು. ಹಸು ಏಳುತ್ತಿತ್ತು, ಬೀಳುತ್ತಿತ್ತು. ಕೆಳಗಲ ಮನೆ ಅಕ್ಕನನ್ನು ಕೂಗಿದೆ. ಅವಳು ಬಂದು ನೋಡಿದವಳೇ ತಲೆಯ ಮೇಲೆ ಕೈ ಹೊತ್ತಳು.

"ಇನ್ನೊಂದ್ ಕಾಲು ಒಳಗೇ ಮಡಚ್ಕಂಡೈತೆ ಕಣೆ ತಂಗಿ. ನಮ್ ಕೈಲಾಗಲ್ಲ. ಡಾಕ್ಟ್ರು ಬರ್ಲೇಬೇಕು. ಇಲ್ದಿದ್ರೆ ತಾಯೂ ಉಳಿಯಲ್ಲ."

"ಪೆಟ್ಟಿಗೆ ಐತಲ್ಲಕ್ಕಾ. ನೀನೇ ಓಡೋಗಿ ನಮ್ಮನೆಯವರ ಹೆಸ್ರು ಹೇಳು."

"ನಾನೇನ್ ಹೇಳ್ಲಿ? ನಮ್ಮಾವ್ನೋರ ಹೆಸ್ರೂ ಅದೇಯಾ! ನನ್ ಬಾಯಲ್ ಬತ್ತದಾ?" ಎಂದಳು ಅಕ್ಕ. ಹಸು ಮತ್ತೆ ನರಳಿತು. "ನೀ ಹೋಗು. ಇದನ್ನ ನಾ ನೋಡ್ಕತೀನಿ. ಹೋಗೇ, ನಿಂತ್ಕಬೇಡ!"

ಓಡಿದೆ. ಚಪ್ಪಲಿ ಮೆಟ್ಟಿದ್ದೆನೋ ಇಲ್ಲವೋ ತಿಳಿಯದು. ಡೈರಿಯ ಬಾಗಿಲಿಗೆ ಬೀಗ, ಜಗಲಿ ಖಾಲಿ, ಹಳದಿ ಪೆಟ್ಟಿಗೆ ಬಿಸಿಲಿಗೆ ಹೊಳೆಯುತ್ತಿತ್ತು. ಮೊಣಕೈಯಿಂದ ಗುಂಡಿ ಒತ್ತಿ ರಿಸೀವರು ಎತ್ತಿದೆ.

"ನಮಸ್ಕಾರ. ನಿಮ್ಮ ಮನೆಯ ಯಜಮಾನರ ಹೆಸರು ಹೇಳಿ."

ನನ್ನ ಎದುರು ಯಾರೂ ಇರಲಿಲ್ಲ. ನೋಡುವ ಕಣ್ಣಿಲ್ಲ, ನಗುವ ಬಾಯಿಲ್ಲ. ಕಡಿಮೆಯಾಗುವುದಕ್ಕೆ ಅವರ ಆಯಸ್ಸೂ ಇರಲಿಲ್ಲ. ಆದರೂ ನಾಲಗೆ ಏಳಲೊಲ್ಲದು. ಅಷ್ಟು ವರ್ಷ ಬಾಗಿಲು ಮುಚ್ಚಿದ್ದ ಕೋಣೆಯ ಹಾಗಿತ್ತು ಆ ಹೆಸರು. ಕೊನೆಗೆ ತುಟಿಯಲ್ಲೇ, ಉಸಿರಿನಲ್ಲೇ ಹೇಳಿದೆ.

"ಕೇಳಿಸಲಿಲ್ಲ. ಸ್ವಲ್ಪ ಜೋರಾಗಿ ಹೇಳಿ."

ಮತ್ತೆ ಹೇಳಿದೆ. ಅದಕ್ಕೂ ಸಾಲಲಿಲ್ಲ. ಅಷ್ಟರಲ್ಲಿ ನಮ್ಮ ಕೊಟ್ಟಿಗೆಯ ಕಡೆಯಿಂದ ಹಸು ಅರಚಿದ್ದು ಕೇಳಿಸಿತು. ನನಗೆ ಏನಾಯಿತೋ, ಕಣ್ಣು ಮುಚ್ಚಿಕೊಂಡು ಹೊಲದ ಈ ಬದುವಿನಿಂದ ಆ ಬದುವಿಗೆ ಕರೆಯುವ ಹಾಗೆ ಕೂಗಿಬಿಟ್ಟೆ. ಅವರ ಹೆಸರು. ಪೂರ್ತಿ.

ಆಮೇಲೆ, "ನೀವು ಹೇಳಿದ್ದು," ಎಂದು ಆ ದನಿ ಹೇಳಿತು. ಅದರ ಬೆನ್ನಿಗೇ ಇನ್ನೊಂದು ದನಿ ಅವರ ಹೆಸರು ಕೂಗಿತು. ಯಾರೋ ಹೆಂಗಸು. ದನಿ ಒಡೆದಿತ್ತು, ಆದರೆ ಗಟ್ಟಿಯಾಗಿತ್ತು. ಯಾರಪ್ಪಾ ಇವಳು, ನಮ್ಮ ಮನೆಯವರನ್ನು ಹೀಗೆ ಕರೆಯುವವಳು ಎಂದುಕೊಂಡೆ. ಅದು ನಾನೇ ಎಂದು ಗೊತ್ತಾದಾಗ ರಿಸೀವರನ್ನು ಎರಡೂ ಕೈಯಲ್ಲಿ ಹಿಡಿದುಕೊಂಡೆ. ಹುಟ್ಟಿದಾಗಿನಿಂದ ನನ್ನ ಜೊತೆಯೇ ಇದ್ದ ದನಿಯನ್ನು ನಾನು ಹೊರಗಿನಿಂದ ಕೇಳಿದ್ದು ಅದೇ ಮೊದಲು. ಅದು ನನ್ನನ್ನು ಬಿಟ್ಟು ಹೋಗಿ, ಎಲ್ಲೋ ತಂತಿಯೊಳಗೆ ಸುತ್ತಿ, ಅವರನ್ನು ಕರೆಯುತ್ತಾ ವಾಪಸು ಬಂದಿತ್ತು.

"ಸರಿಯಾಗಿದ್ದರೆ ಹೌದು ಎನ್ನಿ."

"ಹೌದು," ಎಂದೆ. ಬೀದಿ ಹೇಳಿದೆ. ಒಂದು ಎಂದೆ. ನಿಮ್ಮ ಸುದ್ದಿ ಡಾಕ್ಟರಿಗೆ ಹೋಗಿದೆ, ಮನೆಯಲ್ಲೇ ಇರಿ ಎಂದಿತು.

ಮನೆಗೆ ಓಡಿ ಬಂದು ಹಸುವಿನ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಕೂತೆ. ಅಕ್ಕ ಬೆನ್ನಿಗೆ ಬಿಸಿನೀರಿನ ಬಟ್ಟೆ ಹಾಕುತ್ತಿದ್ದಳು. ಸುದ್ದಿ ನಿಜವಾಗಿ ಹೋಯಿತೋ ಇಲ್ಲವೋ ಯಾರಿಗೆ ಗೊತ್ತು? ಮನುಷ್ಯರಾದರೆ ಮುಖ ನೋಡಿ ತಿಳಿದುಕೊಳ್ಳಬಹುದು, ಆ ಪೆಟ್ಟಿಗೆಗೆ ಮುಖವೇ ಇಲ್ಲ. ಹಸುವಿನ ಕಣ್ಣು ಮೇಲಕ್ಕೆ ಸಿಕ್ಕಿಕೊಳ್ಳುತ್ತಿತ್ತು. ಆಗ ಬೀದಿಯಲ್ಲಿ ಮೋಟಾರು ಬೈಕಿನ ಸದ್ದು ಕೇಳಿಸಿತು.

ಡಾಕ್ಟರು ಅಂಗಿ ಬಿಚ್ಚಿ, ತೋಳಿಗೆ ಎಣ್ಣೆ ಸವರಿಕೊಂಡು, ಕರುವನ್ನು ಒಳಕ್ಕೆ ತಳ್ಳಿ, ಮಡಚಿದ್ದ ಕಾಲನ್ನು ನೀವಿ ಬಿಡಿಸಿದರು. ಅವರ ಮುಖದ ನರಗಳೆಲ್ಲ ಉಬ್ಬಿದ್ದವು. ಆಮೇಲೆ ಮೂವರೂ ಎಳೆದೆವು. ಕರು ಒದ್ದೆ ಗೋಣಿಚೀಲದ ಹಾಗೆ ಹುಲ್ಲಿನ ಮೇಲೆ ಬಿತ್ತು, ಅಲ್ಲಾಡಲಿಲ್ಲ. ಡಾಕ್ಟರು ಅದರ ಮೂಗಿನೊಳಗೆ ಹುಲ್ಲುಕಡ್ಡಿ ಆಡಿಸಿದರು. ಅದು ಸೀನಿತು. ಹಸು ಮಲಗಿದ್ದಲ್ಲಿಂದಲೇ ಕತ್ತು ಚಾಚಿ ಅದನ್ನು ನೆಕ್ಕತೊಡಗಿತು.

ಕೈ ತೊಳೆದುಕೊಳ್ಳುವಾಗ ಡಾಕ್ಟರು ಕೇಳಿದರು. "ಅಮ್ಮಾ, ಆ ಪೆಟ್ಟಿಗೇಲಿ ಕೂಗಿದ್ದು ಯಾರು?"

ನಾನು ಕಂಬದ ಹಿಂದೆ ಸರಿದೆ. ಅಕ್ಕ ನನ್ನ ಕಡೆ ಬೆರಳು ತೋರಿಸಿದಳು.

"ಊಟಕ್ಕೆ ಕೂತಿದ್ದೆ. ಮೊಬೈಲಿಗೆ ಆ ಕೂಗೇ ಬಂತು. ದಿನಾ ಗಂಡಸರು ಹೇಳೋದು ಕೇಳ್ತೀನಲ್ಲ, ಪಡಿತರ ಕೇಳ್ದಂಗೆ ಹೇಳ್ತಾರೆ. ಇದು ಬ್ಯಾರೆ ಥರ ಇತ್ತು. ಯಾರೋ ದೂರ ಹೋಗ್ತಿರೋರನ್ನ ಕರ್ದಂಗಿತ್ತು. ತುತ್ತು ಬಿಟ್ಟು ಎದ್ದು ಬಂದ್ಬುಟ್ಟೆ."

ಅವರು ಹೋದ ಮೇಲೆ ನನಗೆ ಅಳು ಬಂತು. ನನ್ನ ಕೂಗು ತಿಪ್ಪಸಂದ್ರದಲ್ಲಿ ಒಬ್ಬರ ಜೇಬಿನೊಳಗೆ ಕೇಳಿಸಿದೆ! ಕೂಗಿನಲ್ಲಿ ಏನಿತ್ತೋ ಅದೂ ಜೊತೆಗೇ ಹೋಗಿದೆ, ದಾರಿಯಲ್ಲಿ ಎಲ್ಲೂ ಚೆಲ್ಲಿಲ್ಲ. ಅಕ್ಕ ಕರುವಿನ ಮೈ ಒರೆಸುತ್ತಿದ್ದಳು. ಇದ್ದಕ್ಕಿದ್ದಂತೆ ಹಣೆ ಚಚ್ಚಿಕೊಂಡಳು.

"ಅಯ್ಯೋ, ನಿನ್ ಮನೆ ಹಾಳಾಗ! ನೀನು ನಮ್ಮನೆಯವ್ರ ಹೆಸ್ರು ಹೇಳ್ಬೋದಿತ್ತಲ್ಲೇ! ಪಕ್ಕದ್ ಮನೆ, ಡಾಕ್ಟ್ರು ಹೆಂಗೂ ಬರೋರು!"

ನಿಜ. ರೇಷನ್ ಅಂಗಡಿಯಲ್ಲಿ ಜೀವಮಾನವೆಲ್ಲ ಅದನ್ನೇ ಮಾಡಿದ್ದೆವು. ಆ ಹೊತ್ತಿಗೆ ಇಬ್ಬರಿಗೂ ಹೊಳೆದಿರಲಿಲ್ಲ. ಕರುವಿನ ಪಕ್ಕ ಕೂತು ಇಬ್ಬರೂ ಅಳುತ್ತಲೇ ನಕ್ಕೆವು.

ಆ ವಾರದ ಕೊನೆಗೆ ಹುಡುಗಿ ಬಂದಳು. ನೇರ ನಮ್ಮ ಮನೆಗೇ ಬಂದು, ಬಾಗಿಲ ಹಿಂದೆ ನಿಂತಿದ್ದ ನನ್ನ ಹತ್ತಿರ ನೆಲದ ಮೇಲೆ ಕೂತಳು. ಅಕ್ಕನೂ ಬಂದಳು. ಹುಡುಗಿ ಚೀಲದಿಂದ ಒಂದು ಸಣ್ಣ ಯಂತ್ರ ತೆಗೆದು, ಪೆಟ್ಟಿಗೆಯಲ್ಲಿ ಮಾತಾಡಿದ್ದೆಲ್ಲ ಇದರಲ್ಲಿದೆ, ಒಂದು ಕೇಳಿಸಲೇ ಎಂದಳು. ನನ್ನ ಕೂಗನ್ನೇ ಹಾಕುತ್ತಾಳೆಂದು ಮುದುಡಿಕೊಂಡೆ. ಅವಳು ಹಾಕಿದ್ದು ಬೇರೆ. ಯಜಮಾನರ ಹೆಸರು ಹೇಳಿ ಎನ್ನುವ ದನಿ. ಆಮೇಲೆ ಏನೂ ಇಲ್ಲ. ಬಳೆಗಳ ಸದ್ದು. ಒಂದು ಉಸಿರು. ರಿಸೀವರು ಇಟ್ಟ ಸದ್ದು. ಮತ್ತೆ ಅದೇ ಪ್ರಶ್ನೆ, ಬೇರೆ ಬಳೆಗಳು, ತಡೆದುಕೊಂಡ ನಗು, ಇಟ್ಟ ಸದ್ದು. ಪರೀಕ್ಷೆಯ ದಿನ ನಾವು ಹೇಳದೆ ಬಿಟ್ಟದ್ದನ್ನೆಲ್ಲ ಅವಳು ಒಂದೊಂದಾಗಿ ಇಟ್ಟುಕೊಂಡಿದ್ದಳು.

"ನಮ್ಮ ಮೇಷ್ಟ್ರು ಇವನ್ನೆಲ್ಲ ಅಳಿಸಿಬಿಡು, ಖಾಲಿ ಇವೆ ಅಂದ್ರು," ಎಂದಳು ಹುಡುಗಿ. "ನಂಗ್ಯಾಕೋ ಖಾಲಿ ಅನ್ನಿಸ್ಲಿಲ್ಲ ಅಮ್ಮ. ಎಲ್ಲಾರೂ ಒಂದೇ ಜಾಗದಲ್ಲಿ ನಿಲ್ತೀರ. ಅಂದ್ರೆ ತಪ್ಪು ಪ್ರಶ್ನೇಲಿದೆ. ಏನು ಅಂತ ಹೇಳಿ."

ಯಂತ್ರ ಇನ್ನೂ ಓಡುತ್ತಿತ್ತು. ಪ್ರಶ್ನೆ ಬಂತು. ಈ ಸಲ ಬಳೆಯ ಸದ್ದೂ ಇರಲಿಲ್ಲ, ಬರೀ ಉಸಿರು. ಅದು ನಾನೇ ಎಂದು ಮೂವರಿಗೂ ಒಟ್ಟಿಗೆ ತಿಳಿಯಿತು. ಹುಡುಗಿ ತಟಕ್ಕನೆ ನಿಲ್ಲಿಸಿದಳು.

ಆಗ ಹೇಳಿದೆ. ಗಂಡನ ಹೆಸರು, ಮಾವನ ಹೆಸರು, ಬೆಟ್ಟದಪ್ಪನ ಹೆಸರು ನಾವು ಯಾಕೆ ಎತ್ತುವುದಿಲ್ಲ ಎನ್ನುವುದನ್ನೆಲ್ಲ. ಅಪರಿಚಿತರ ಎದುರು ನಾನು ಅಷ್ಟು ಮಾತಾಡಿದ್ದು ಅದೇ ಮೊದಲು. ಹುಡುಗಿ ಮಂಡಿಗೆ ಗಲ್ಲ ಊರಿ ಕೇಳಿದಳು. "ನಮ್ಮಜ್ಜೀನೂ ಅಷ್ಟೇ," ಎಂದಳು ಕೊನೆಗೆ. "ತಾತನ್ನ 'ಕೇಳಿಸ್ತಾ' ಅಂತ ಕರೀತಿದ್ರು. ನಾನು ಅದೇ ಅವರ ಹೆಸರು ಅಂದ್ಕೊಂಡಿದ್ದೆ."

ನಿಮ್ಮ ಕೂಗನ್ನು ಏನು ಮಾಡಲಿ, ಅಳಿಸಿಬಿಡಲೇ ಎಂದು ಕೇಳಿದಳು. ಒಂದು ಸಲ ಹಾಕು ಎಂದೆ. ಹಾಕಿದಳು. ಕೊಟ್ಟಿಗೆಯಲ್ಲಿ ಹಸು ತಲೆಯೆತ್ತಿತು. ಈಗ ಅಳಿಸು ಎಂದೆ. ಯಾಕೆಂದು ಅವಳು ಕೇಳಲಿಲ್ಲ. ಅದು ಯಾರಿಗೆ ಮುಟ್ಟಬೇಕಿತ್ತೋ ಮುಟ್ಟಿದೆ ಎನ್ನಿಸಿತ್ತು.

ಪ್ರಶ್ನೆ ಏನಿರಬೇಕು ಎಂದು ಜಗಲಿಯಲ್ಲಿ ಹೆಂಗಸರದೇ ಒಂದು ಪಂಚಾಯಿತಿ ನಡೆಯಿತು.

"ಹಸೀನ ಹೆಸ್ರು ಕೇಳ್ಲಿ. ಅದನ್ನಾರೆ ದಿನಾ ಕರೀತೀವಿ."

"ಹಸ ಮಾರ್ಬುಟ್ರೆ? ಕೊಂಡೋರ್ ಮನೇಗೋಯ್ತಾನೆ ಡಾಕ್ಟ್ರು!"

"ನಿಮ್ಮ ಹೆಸರೇ ಕೇಳಿದ್ರೆ?" ಎಂದಳು ಹುಡುಗಿ.

ನಮ್ಮ ಹೆಸರು ಯಾರಿಗೆ ಬೇಕು? ಊರಿನಲ್ಲಿ ನಾವು ಇಂಥವರ ಅವ್ವ, ಇಂಥ ಮನೆಯವಳು. ಸದಸ್ಯತ್ವ ಅವರ ಹೆಸರಿನಲ್ಲೇ ಇದೆಯಲ್ಲ ಎಂದು ಸೆಕ್ರೆಟರಿ ತಗಾದೆ ತೆಗೆದರು. ಒಂದೊಂದು ಮನೆಗೆ ಎರಡು ಹೆಸರು ಇಟ್ಟರೆ ಪೆಟ್ಟಿಗೆಗೇನೂ ಭಾರವಾಗುವುದಿಲ್ಲ ಎಂದಳು ಹುಡುಗಿ.

ಹೊಸ ಪ್ರಶ್ನೆ ಹಾಕಿ ಅವಳು ಹೋದ ಮೇಲೆ ನಿಮ್ಮಲ್ಲಿ ದೊಡ್ಡವನು ಹುಟ್ಟಿದ ಸುದ್ದಿ ಕನಕಪುರದಿಂದ ಬಂತು. ನಾನು ಬಾಣಂತಿ ನೋಡಿಕೊಂಡು ಬಂದ ಮಾರನೆಯ ದಿನ ಕೆಳಗಲ ಮನೆಯ ಎಮ್ಮೆ ಮೇವು ಬಿಟ್ಟು ಹೊಟ್ಟೆ ಉಬ್ಬರಿಸಿಕೊಂಡು ನಿಂತಿತು. ಅಕ್ಕನ ಮನೆಯವರು ಗೂಡು ಹಾಕಲು ರಾಮನಗರಕ್ಕೆ ಹೋಗಿದ್ದರು. ಅವಳ ಜೊತೆ ನಾನೂ ಡೈರಿಗೆ ಓಡಿದೆ. ಅಕ್ಕ ರಿಸೀವರು ಎತ್ತಿದಳು. ನಾನು ಅವಳ ಕಿವಿಯ ಪಕ್ಕ ಕಿವಿ ಇಟ್ಟೆ.

"ನಮಸ್ಕಾರ. ನಿಮ್ಮ ಹೆಸರು ಹೇಳಿ."

ಅಕ್ಕ ಸೆರಗು ಸರಿಮಾಡಿಕೊಂಡಳು. ಆಮೇಲೆ ತನ್ನ ಹೆಸರು ಹೇಳಿದಳು. ಒಂದೇ ಗೋಡೆಯ ಆಚೀಚೆ ಅಷ್ಟು ವರ್ಷ ಬಾಳಿದರೂ ಅವಳ ಹೆಸರನ್ನು ನಾನು ಕೇಳಿದ್ದು ಅವತ್ತೇ. ಎಷ್ಟು ಚೆಂದದ ಹೆಸರು! ಬೆಳೆದ ಹೆಂಗಸಿನದಲ್ಲ, ಲಂಗ ಹಾಕಿದ ಹುಡುಗಿಯ ಹೆಸರಿನ ಹಾಗಿತ್ತು. ನೀವು ಹೇಳಿದ್ದು, ಎಂದು ಪೆಟ್ಟಿಗೆ ಅದನ್ನು ಅವಳ ದನಿಯಲ್ಲೇ ವಾಪಸು ಕೊಟ್ಟಿತು.

ಅಕ್ಕ ಬೆಚ್ಚಿ ನನ್ನ ತೋಳು ಹಿಡಿದುಕೊಂಡಳು. "ಅದ್ಯಾರೇ ತಂಗಿ, ನನ್ ಕರೀತಾವ್ಳೆ?"

"ನೀನೇ ಕಣಕ್ಕಾ. ಹೌದು ಅನ್ನು, ಎಮ್ಮೆ ಕಾಯ್ತೈತೆ," ಎಂದೆ.